ಕೊರಕಲು ಬಿದ್ದ ಉದ್ಯಾನದ ಇಳಿಜಾರು: ದುರಸ್ತಿಯ ದಾಖಲೆ

ಸಾರ್ವಜನಿಕ ಉದ್ಯಾನವೊಂದರ ಹಿಂಬದಿಯ ಇಳಿಜಾರನ್ನು ಸ್ವಯಂಸೇವಕರಾಗಿ ದುರಸ್ತಿ ಮಾಡುತ್ತಿದ್ದೇವೆ. ಮೇಲ್ಭಾಗದ ಕೆಲಸ ಮುಗಿದಿದೆ. ನಡುಭಾಗ ಒಂದು ಮಳೆಗಾಲವನ್ನು ತಾಳಿಕೊಂಡಿದೆ. ಕೆಳಭಾಗದಲ್ಲಿ ಕೆಲಸ ನಿಂತಿದೆ. ಇಂಥದೇ ಜಾಗಕ್ಕೆ ಕೈಹಾಕುವವರಿಗೆ ನಮ್ಮ ಅಳತೆಗಳೂ ಕೆಟ್ಟ ಪ್ರಯತ್ನಗಳೂ ಉಪಯೋಗವಾಗಲೆಂದು ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಇಳಿಜಾರಿನ ಉದ್ದ 60 ಮೀಟರ್. ಮೇಲಿನ ತುದಿಗೂ ಕೆಳಗಿನ ತುದಿಗೂ ಎತ್ತರದ ವ್ಯತ್ಯಾಸ 9 ಮೀಟರ್, ಅಂದರೆ ಶೇ. 15ರಷ್ಟು ಇಳಿತ. ಮೇಲೆ 40 ಮೀಟರ್ ಉದ್ದ, 30 ಮೀಟರ್ ಅಗಲದ ಆಟದ ಬಯಲಿದೆ. ಕಾಲು ತುಳಿದು ತುಳಿದು ಅಲ್ಲಿನ ಮಣ್ಣು ಗಟ್ಟಿಯಾಗಿದೆ. ಕೆಳಗೆ ಹಿಂದಿನ ಗೇಟು. ಬಯಲಿನಿಂದ ಗೇಟಿಗೆ ಕಲ್ಲು ಹಾಸಿದ ದಾರಿಯೊಂದು ಇದೆಯಾದರೂ ಅದು ಸುತ್ತಿ ಬಳಸಿ 240 ಮೀಟರ್ ಆಗುತ್ತದೆ. ಆದ್ದರಿಂದ ಜನ ನೇರವಾಗಿ ಇಳಿದು ಹೋಗುತ್ತಿದ್ದರು. ಹಾಗೆ ಇಳಿದ ಕಾಲುದಾರಿಯಲ್ಲಿ ಮೊದಲು ಹುಲ್ಲು ಹೋಯಿತು, ನಂತರ ಮೇಲ್ಮಣ್ಣು ಹೋಯಿತು. ನಾವು ನೋಡುವ ಹೊತ್ತಿಗೆ ಅದು 35 ಮೀಟರ್ ಉದ್ದದ ಕೊರಕಲಾಗಿತ್ತು: ಅಗಲ 1.2 ಮೀಟರ್, ಆಳ ಕೆಲವೆಡೆ 60 ಸೆಂಟಿಮೀಟರ್. ಅಂಚಿನಲ್ಲಿದ್ದ ಮರಗಳ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಎರಡೂ ಬದಿಗೆ ಲಂಟಾನಾ ಎಂಬ ಕಳೆಪೊದೆ ಹಬ್ಬಿತ್ತು.

ಹಂತ 1: ಅನುಮತಿ, ಅಳತೆ

ಸಾರ್ವಜನಿಕ ಜಾಗದಲ್ಲಿ ಗುದ್ದಲಿ ಇಡುವ ಮೊದಲು ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಕೊಟ್ಟ ಅಧಿಕಾರಿಗೆ ವರ್ಗಾವಣೆಯಾದರೆ ಆ ಒಪ್ಪಿಗೆಯೂ ಅವರ ಜೊತೆಗೇ ಹೋಗುತ್ತದೆ. ಅರ್ಜಿಯಲ್ಲಿ ಮೂರು ಪ್ರಶ್ನೆ ಕೇಳಿದೆವು. ನೆಲದಡಿಯಲ್ಲಿ ನೀರಿನ ಕೊಳವೆ, ವಿದ್ಯುತ್ ಕೇಬಲ್ ಎಲ್ಲೆಲ್ಲಿ ಹೋಗಿವೆ? ಮುಟ್ಟಲೇಬಾರದ ಮರಗಳು ಯಾವುವು? ನಾವು ಮಾಡಿದ್ದನ್ನು ಮುಂದೆ ನೋಡಿಕೊಳ್ಳುವವರು ಯಾರು? ಮೊದಲೆರಡಕ್ಕೆ ಬೇಗ ಉತ್ತರ ಬಂತು. ಮೂರನೆಯದಕ್ಕೆ ಬಹಳ ಓಡಾಡಬೇಕಾಯಿತು. ಆದರೂ ಅದಕ್ಕೆ ಉತ್ತರವಿಲ್ಲದೆ ಕೆಲಸ ಆರಂಭಿಸಬಾರದೆಂಬ ನಮ್ಮ ಹಟ ಸರಿಯಾಗಿತ್ತು ಎಂದೇ ಈಗಲೂ ನಂಬಿದ್ದೇನೆ. ಮೂರು ವರ್ಷ ಹಂಗಾಮಿಗೊಮ್ಮೆ ನಾವು ಬಂದು ನೋಡುವುದು, ದೈನಂದಿನ ಕಸ ತೆಗೆಯುವುದು ಉದ್ಯಾನದ ಸಿಬ್ಬಂದಿಯ ಪಾಲು ಎಂದು ಬರೆಸಿಕೊಂಡೆವು.

ಎತ್ತರ ಅಳೆಯಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪು ಸಾಕಾಯಿತು. ಒಂದು ತುದಿಯನ್ನು ಒಬ್ಬರು ಮೇಲೆ ಹಿಡಿದು, ಇನ್ನೊಂದನ್ನು ಮತ್ತೊಬ್ಬರು ಕೆಳಗೆ ಕೋಲಿಗೆ ಕಟ್ಟಿ, ನೀರಿನ ಮಟ್ಟ ಗುರುತು ಹಾಕುತ್ತಾ ಇಳಿದರೆ ಇಡೀ ಇಳಿಜಾರಿನ ಲೆಕ್ಕ ಸಿಗುತ್ತದೆ. ಫೋಟೋ ತೆಗೆಯುವುದಕ್ಕೆ ನಾಲ್ಕು ಜಾಗಗಳಲ್ಲಿ ಗೂಟ ನೆಟ್ಟು, ಯಾವಾಗಲೂ ಅದೇ ಗೂಟದ ಮೇಲಿನಿಂದಲೇ ತೆಗೆಯಬೇಕೆಂದು ತೀರ್ಮಾನಿಸಿದೆವು. ಇದರಿಂದ ಮಣ್ಣು ಎಷ್ಟು ಇಳಿದಿದೆ, ಎಷ್ಟು ತುಂಬಿದೆ ಎಂಬುದು ವಾದಕ್ಕೆ ಎಡೆಯಿಲ್ಲದಂತೆ ತಿಳಿಯುತ್ತದೆ.

ಸಾಮಾನು: ಗುದ್ದಲಿ, ಸಲಿಕೆ, ಪಿಕಾಸಿ, ಎರಡು ಹಾರೆ, ಬಾಂಡ್ಲಿಗಳು, ಒಂಟಿಚಕ್ರದ ಕೈಗಾಡಿ, ಕೈಗರಗಸ, ಸುಣ್ಣದ ಪುಡಿ, ಹುರಿ, ದಪ್ಪ ಕೈಗವಸು. ಅಗೆಯುವವರ ನಡುವೆ ಕನಿಷ್ಠ 3 ಮೀಟರ್ ಅಂತರ ಇರಲೇಬೇಕು ಎಂಬ ನಿಯಮವನ್ನು ಮೊದಲಿನಿಂದಲೂ ಕಟ್ಟುನಿಟ್ಟಾಗಿ ಪಾಲಿಸಿದೆವು. ಹುರುಪಿನಲ್ಲಿ ಪಿಕಾಸಿ ಎತ್ತುವವರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡುವುದಿಲ್ಲ. ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋದದ್ದು ಕಲ್ಲು ಸಾಗಣೆಗೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೈಗವಸಿಗೂ ಗುದ್ದಲಿಯ ಕಾವುಗಳಿಗೂ ಹೋಯಿತು. ಗಿಡಗಳಿಗೆ ಖರ್ಚಾದದ್ದು ಎಲ್ಲಕ್ಕಿಂತ ಕಡಿಮೆ.

ಹಂತ 2: ಎತ್ತರದ ಕಲ್ಲುಕಟ್ಟೆ, ಅದು ಕೆಟ್ಟುಹೋದದ್ದು

ಕಣ್ಣಿಗೆ ಬೀಳುತ್ತಿದ್ದದ್ದು ಕೊರಕಲು. ಆದ್ದರಿಂದ ಎಲ್ಲರ ಕೈಯೂ ಅಲ್ಲಿಗೇ ಹೋಯಿತು. ಅದರ ಅತ್ಯಂತ ಆಳವಾದ ಜಾಗದಲ್ಲಿ 70 ಸೆಂಟಿಮೀಟರ್ ಎತ್ತರಕ್ಕೆ ಕಲ್ಲು ಒಟ್ಟಿ ಅಡ್ಡಗಟ್ಟೆ ಕಟ್ಟಿದೆವು. ದೊಡ್ಡ ಕಲ್ಲುಗಳು ಕೆಳಗೆ, ಸಣ್ಣವು ಮೇಲೆ, ಮೇಲ್ಭಾಗ ಸಮತಟ್ಟು. ನೋಡಲು ಗಟ್ಟಿಮುಟ್ಟಾಗಿತ್ತು.

ಮೊದಲ ಜೋರುಮಳೆಗೆ ನೀರು ಕಟ್ಟೆಯನ್ನು ದಾಟಲಿಲ್ಲ, ಬಳಸಿಕೊಂಡು ಹೋಯಿತು. ಎಡದಂಡೆಯ ಮಣ್ಣನ್ನು ಕೊರೆದು ಪಕ್ಕದಲ್ಲೇ ಇನ್ನೊಂದು ಕಾಲುವೆ ಮಾಡಿಕೊಂಡಿತು. ದಂಡೆಯಲ್ಲಿದ್ದ ಎಳೆಯ ಮರವೊಂದರ ಬುಡ ಸಡಿಲವಾಯಿತು. ಕಟ್ಟೆ ಕೆಟ್ಟದ್ದಕ್ಕೆ ಕಾರಣಗಳು ಮೂರು. ಮೇಲ್ಭಾಗ ಸಮತಟ್ಟಾಗಿದ್ದರಿಂದ ನೀರು ನಡುವಿನಲ್ಲೇ ಹರಿಯಬೇಕೆಂಬ ನಿರ್ಬಂಧವಿರಲಿಲ್ಲ. ಕೆರೆಗೆ ಕೋಡಿ ಬೇಕಾದಂತೆ ಅಂಗೈಯಗಲದ ತಡೆಗೂ ಕೋಡಿ ಬೇಕು. ಎರಡನೆಯದು, ಕಲ್ಲುಗಳನ್ನು ದಂಡೆಯೊಳಕ್ಕೆ ಸೇರಿಸಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಆ ಕಟ್ಟೆಗೆ ತಡೆಯಲಾಗದಷ್ಟು ನೀರು ಅಲ್ಲಿಗೆ ಬರುತ್ತಿತ್ತು.

ಉದ್ಯಾನದ ಹಿರಿಯ ಮಾಲಿ ಅದನ್ನು ನೋಡಿ ಹೇಳಿದ್ದು ಇಷ್ಟೇ: "ಸ್ವಾಮಿ, ನೀರು ಹುಟ್ಟುವುದು ಮೇಲೆ. ನೀವು ಕೆಳಗೆ ಕಾಯುತ್ತಿದ್ದೀರಿ."

"ಮತ್ತೆ ಎಲ್ಲಿ ನಿಲ್ಲಬೇಕು, ಅಣ್ಣ?" ಎಂದು ಕೇಳಿದೆ.

"ಮಳೆ ಬಂದಾಗ ಕೊಡೆ ಹಿಡಿದು ಬಯಲಿಗೆ ಬನ್ನಿ. ನಾನೇ ತೋರಿಸುತ್ತೇನೆ."

ಹಂತ 3: ಮಳೆಯಲ್ಲಿ ನೋಡಿದ್ದು

ಅವರು ಹೇಳಿದಂತೆ ಮಳೆಯಲ್ಲಿ ಹೋಗಿ ನಿಂತೆವು. ಆಟದ ಬಯಲಿನ ನೀರೆಲ್ಲ ನೈರುತ್ಯ ಮೂಲೆಗೆ ಬಂದು, ಅಲ್ಲಿಂದ ಒಂದೇ ಬಾಯಿಯಲ್ಲಿ ಇಳಿಜಾರಿಗೆ ಧುಮುಕುತ್ತಿತ್ತು. ಸುಣ್ಣದ ಪುಡಿ ಮಳೆಯಲ್ಲಿ ಕೊಚ್ಚಿಹೋಗುವುದರಿಂದ ನೀರಿನ ದಾರಿಯನ್ನು ಬಣ್ಣದ ಬಟ್ಟೆ ಕಟ್ಟಿದ ಕಡ್ಡಿಗಳನ್ನು ಚುಚ್ಚಿ ಗುರುತಿಸಿದೆವು.

ಲೆಕ್ಕ ಸರಳ. ಬಯಲಿನ ವಿಸ್ತೀರ್ಣ 1,200 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಮಿಲಿಮೀಟರ್ ಮಳೆಗೆ 24,000 ಲೀಟರ್. ಇದರಲ್ಲಿ ನೆಲ ಎಷ್ಟು ಕುಡಿಯುತ್ತದೆ ಎಂದು ತಿಳಿಯಲು 15 ಸೆಂಟಿಮೀಟರ್ ವ್ಯಾಸದ ತಗಡಿನ ಡಬ್ಬಿಯ ತಳ ಕತ್ತರಿಸಿ, ಅದನ್ನು ನೆಲಕ್ಕೆ ಬಡಿದು ಕೂರಿಸಿ, 440 ಮಿಲಿಲೀಟರ್ ನೀರು ಸುರಿದೆವು. ಆ ಅಗಲಕ್ಕೆ ಅದು 2.5 ಸೆಂಟಿಮೀಟರ್ ನೀರಾಗುತ್ತದೆ. ಬಯಲಿನಲ್ಲಿ ಒಂದು ಗಂಟೆ ಕಳೆದರೂ ನೀರು ಪೂರ್ತಿ ಇಂಗಲಿಲ್ಲ. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ತರಗೆಲೆ ಬಿದ್ದ ಮರದಡಿಯಲ್ಲಿ, ಅಷ್ಟೇ ನೀರು ಐದು ನಿಮಿಷದೊಳಗೆ ಮಾಯವಾಯಿತು. ಈ ಒಂದು ಪರೀಕ್ಷೆಯನ್ನು ಕಣ್ಣಾರೆ ಕಂಡ ಮೇಲೆ ಗುಂಪಿನಲ್ಲಿ ಯಾರಿಗೂ ಹೆಚ್ಚು ವಿವರಿಸಬೇಕಾಗಲಿಲ್ಲ. ಮಕ್ಕಳಿಗಂತೂ ಇದು ಬಹಳ ಹಿಡಿಸಿತು. ಉದ್ಯಾನದ ಮೂಲೆ ಮೂಲೆಗೆ ಡಬ್ಬಿ ಒಯ್ದು ಸಮಯ ಬರೆದುಕೊಂಡು ಬಂದರು. ಆ ಪಟ್ಟಿ ಮುಂದೆ ಗಿಡ ನೆಡುವಾಗ ನಿಜಕ್ಕೂ ಉಪಯೋಗಕ್ಕೆ ಬಂತು.

ಹಂತ 4: ಬಯಲಿನ ಅಂಚಿಗೆ ಕಾಲುವೆ ಮತ್ತು ಬದು

ಯೋಚನೆ ಇದು: ಬಯಲಿನ ಕೆಳ ಅಂಚಿಗೆ, ಸಮಪಾತಳಿಯಲ್ಲಿ (ಉದ್ದಕ್ಕೂ ಒಂದೇ ಮಟ್ಟದಲ್ಲಿ), 40 ಮೀಟರ್ ಉದ್ದದ ಆಳವಿಲ್ಲದ ಕಾಲುವೆ ತೋಡುವುದು, ತೋಡಿದ ಮಣ್ಣನ್ನು ಕೆಳಬದಿಗೆ ಹಾಕಿ ಬದು ಮಾಡುವುದು, ಒಂದೇ ಬಾಯಿಯಲ್ಲಿ ಧುಮುಕುವ ನೀರನ್ನು ಉದ್ದಕ್ಕೂ ಹರಡುವುದು. ಅಗಲ 60 ಸೆಂಟಿಮೀಟರ್, ನಡುವೆ ಆಳ 30 ಸೆಂಟಿಮೀಟರ್.

ಮೊದಲ ಹತ್ತು ಮೀಟರನ್ನು ಕಣ್ಣಳತೆಯಲ್ಲೇ ತೋಡಿದ್ದರು. ಇಳಿಜಾರಿನಲ್ಲಿ ಕಣ್ಣನ್ನು ನಂಬಬಾರದು. ಸಮವಾಗಿದೆ ಎಂದು ಎಲ್ಲರೂ ಒಪ್ಪಿದ ಆ ಭಾಗ ಲೆವೆಲ್ ಪೈಪಿನಲ್ಲಿ ನೋಡಿದಾಗ 14 ಸೆಂಟಿಮೀಟರ್ ವಾಲಿತ್ತು. ಅದನ್ನು ಮುಚ್ಚಿ ಹೊಸದಾಗಿ ಗುರುತು ಹಾಕಿದೆವು.

ಗುರುತಿಗೆ 'ಎ' ಆಕಾರದ ಚೌಕಟ್ಟು ಮಾಡಿಕೊಂಡೆವು. 2 ಮೀಟರ್ ಉದ್ದದ ಎರಡು ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಪಾದಗಳ ನಡುವೆ 1.5 ಮೀಟರ್ ಅಂತರ ಬಿಟ್ಟು, ನಡುವೆ ಅಡ್ಡಪಟ್ಟಿ ಹೊಡೆದು, ತುದಿಯಿಂದ ತೂಗುಗುಂಡು ಇಳಿಬಿಟ್ಟರೆ ಚೌಕಟ್ಟು ಸಿದ್ಧ. ಅದನ್ನು ಸರಿಮಾಡುವ ಕ್ರಮ ಹೀಗೆ: ಎರಡು ಪಾದಗಳನ್ನು ಇಟ್ಟ ಜಾಗದಲ್ಲಿ ಗುರುತು ಮಾಡಿ, ಹುರಿ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಎಳೆಯಿರಿ. ನಂತರ ಚೌಕಟ್ಟನ್ನು ತಿರುಗಿಸಿ, ಪಾದಗಳನ್ನು ಅದಲುಬದಲಾಗಿ ಅದೇ ಗುರುತುಗಳ ಮೇಲೆ ನಿಲ್ಲಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಹುರಿ ನಿಂತಾಗ ಪಾದಗಳೆರಡೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಬಳಿಕ ಒಂದು ಪಾದವನ್ನು ಊರಿ ಇನ್ನೊಂದನ್ನು ತಿರುಗಿಸುತ್ತಾ ಗೂಟ ಹೊಡೆಯುತ್ತಾ ಹೋಗುವುದು. ಗಾಳಿ ಇದ್ದ ದಿನ ಗುಂಡು ತೂಗಾಡುತ್ತದೆ. ಭಾರವಾದ ಗುಂಡು ಹಾಕಿ, ಇಲ್ಲವೇ ಬೆಳಗಿನ ಹೊತ್ತು ಮಾಡಿ.

ಇಷ್ಟೆಲ್ಲ ಮಾಡಿದರೂ ಕಾಲುವೆಯಲ್ಲಿ ಹಿಡಿಯುವ ನೀರು ಸುಮಾರು 4,800 ಲೀಟರ್ ಮಾತ್ರ. ಬರುವುದು ಅದರ ಐದು ಪಟ್ಟು. ಹಾಗಾಗಿ ಕಾಲುವೆ ನೀರನ್ನು ಹಿಡಿದಿಡುತ್ತದೆ ಎಂಬ ಭ್ರಮೆ ಬೇಡ, ಅದು ವೇಗವನ್ನು ಮುರಿದು ನೀರನ್ನು ಹಂಚುತ್ತದೆ. ತುಂಬಿದ ಮೇಲೆ ಹರಿದುಹೋಗಲು ಬದುವಿನಲ್ಲಿ ಮೂರು ಕಡೆ 2 ಮೀಟರ್ ಅಗಲದ ಕೋಡಿ ಬಿಟ್ಟು, ಚಪ್ಪಟೆ ಕಲ್ಲು ಹಾಸಿದೆವು. ಮೂರೂ ಕೋಡಿಗಳ ಮಟ್ಟ ಒಂದೇ ಇರಬೇಕು. ಒಂದು ಬೆರಳಿನಷ್ಟು ತಗ್ಗಿದ್ದರೂ ನೀರೆಲ್ಲ ಅತ್ತಲೇ ಹೋಗಿ ಮೊದಲಿನ ಕಥೆ ಮರುಕಳಿಸುತ್ತದೆ. ಕಲ್ಲು ಹಾಸಿ, ಲೆವೆಲ್ ಪೈಪಿನಲ್ಲಿ ನೋಡಿ, ಎಬ್ಬಿಸಿ, ಮತ್ತೆ ಹಾಸುವ ಈ ಕೆಲಸಕ್ಕೆ ತಾಳ್ಮೆ ಬೇಕು. ಎಲ್ಲಕ್ಕಿಂತ ಚೆನ್ನಾಗಿ ಮಾಡಿದವರು ಅಗೆಯಲು ಆಗದೆಂದು ಹಿಂಜರಿದಿದ್ದ ಹಿರಿಯರು. ಕೋಡಿಗಳ ಸ್ಥಾನವನ್ನು ಅವರೇ ಆರಿಸಿದರು: ಹಳೆಯ ಕೊರಕಲಿನಿಂದ ದೂರ, ಹುಲ್ಲು ಉಳಿದಿದ್ದ ಜಾಗಗಳು.

ಹೊಸ ಬದುವನ್ನು 10 ಸೆಂಟಿಮೀಟರಿಗೊಮ್ಮೆ ಪದರವಾಗಿ ಹಾಕಿ, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಬೇಕು. ಸಡಿಲ ಮಣ್ಣಿನ ಬದು ಮೊದಲ ಮಳೆಗೇ ಕರಗುತ್ತದೆ. ಅದರ ಮೇಲೆ ಗರಿಕೆಯ ತುಂಡುಗಳನ್ನೂ ಕೆಳಬದಿಗೆ ಲಾವಂಚದ ಬುಡಗಳನ್ನೂ 15 ಸೆಂಟಿಮೀಟರಿಗೊಂದರಂತೆ ಒಂದೇ ಸಾಲಿನಲ್ಲಿ ನೆಟ್ಟೆವು. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕೆ ಇಳಿಯುತ್ತದೆ, ಅದಕ್ಕೇ ಬದುವಿಗೆ ಒಗ್ಗುತ್ತದೆ.

ಹಂತ 5: ಕೊರಕಲಿಗೆ ತಗ್ಗಿನ ತಡೆಗಳು

ಮೇಲಿನ ನೀರು ಹಂಚಿಹೋದ ಮೇಲೆ ಕೊರಕಲಿಗೆ ಮರಳಿ ಬಂದೆವು. ಎತ್ತರದ ಕಟ್ಟೆಯನ್ನು ಬಿಚ್ಚಿ ಅದರ ಕಲ್ಲುಗಳನ್ನೇ ಬಳಸಿದೆವು. ಈ ಬಾರಿ ಅನುಸರಿಸಿದ್ದು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಬಿಲ್ ಝೀಡಿಕ್ ಬಳಕೆಗೆ ತಂದ ಒಂದೇ ಕಲ್ಲಿನ ಎತ್ತರದ ತಡೆಯನ್ನು. ಅದರ ಗುಟ್ಟು ಹೆಸರಿನಲ್ಲೇ ಇದೆ: ಕಲ್ಲಿನ ಮೇಲೆ ಕಲ್ಲು ಇಡುವುದಿಲ್ಲ. ಎತ್ತರ ಒಂದು ಕಲ್ಲಿನಷ್ಟು, ಅಗಲ ಮಾತ್ರ ನಾಲ್ಕೈದು ಸಾಲು. ಬೀಳುವಷ್ಟು ಎತ್ತರವೇ ಇಲ್ಲದ್ದರಿಂದ ಬೀಳುವುದಿಲ್ಲ.

ಕ್ರಮ: ಕೊರಕಲಿನ ತಳವನ್ನು 10 ಸೆಂಟಿಮೀಟರ್ ಅಗೆದು, ಎರಡೂ ದಂಡೆಗಳೊಳಕ್ಕೆ 30 ಸೆಂಟಿಮೀಟರ್ ಕೊರೆದು, ಕಲ್ಲುಗಳನ್ನು ಚಪ್ಪಟೆಯಾಗಿ ಮಲಗಿಸದೆ ಉದ್ದುದ್ದ ನಿಲ್ಲಿಸಿ, ಒಂದಕ್ಕೊಂದು ಒತ್ತಾಗಿ ಜೋಡಿಸುವುದು. ಕೈಯಿಂದ ಎಳೆದರೆ ಕಲ್ಲು ಅಲುಗಬಾರದು. ನಡುವಿನ ಕಲ್ಲುಗಳು ಪಕ್ಕದವುಗಳಿಗಿಂತ 8 ಸೆಂಟಿಮೀಟರ್ ತಗ್ಗಿರಬೇಕು. ನೀರು ದಾಟಿ ಬೀಳುವ ಕಡೆ ಒಂದು ಸಾಲು ಕಲ್ಲನ್ನು ನೆಲದ ಮಟ್ಟಕ್ಕೆ ಹುದುಗಿಸಿಟ್ಟರೆ ತಳ ಕೊರೆಯುವುದಿಲ್ಲ.

ತಡೆಗಳ ಅಂತರಕ್ಕೆ ಹಳೆಯ ನಿಯಮವೇ ಸಾಕು: ಕೆಳಗಿನ ತಡೆಯ ತಲೆ, ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಶೇ. 15ರ ಇಳಿತದಲ್ಲಿ 25 ಸೆಂಟಿಮೀಟರ್ ಎತ್ತರದ ತಡೆಗೆ ಅದು ಸುಮಾರು 1.7 ಮೀಟರ್. ಕೊರಕಲಿನ ಉದ್ದಕ್ಕೂ ಲೆಕ್ಕ ಹಾಕಿದರೆ ಇಪ್ಪತ್ತು ತಡೆಗಳು, ಸುಮಾರು 4 ಘನ ಮೀಟರ್ ಕಲ್ಲು. ತೂಕದಲ್ಲಿ ಆರು ಟನ್ನಿಗೂ ಹೆಚ್ಚು. ಒಂದು ಲಾರಿ ಕಲ್ಲು ಮೇಲಿನ ರಸ್ತೆಗೆ ಬಂತು. ಅಲ್ಲಿಂದ ಸಾಲಾಗಿ ಕೂತು ಕೈಯಿಂದ ಕೈಗೆ ದಾಟಿಸಿದೆವು. ಸಾಲಿನಲ್ಲಿ ನಿಂತು ಬಗ್ಗಿ ಏಳುವುದಕ್ಕಿಂತ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಕೂತು ದಾಟಿಸಿದರೆ ಬೆನ್ನು ಉಳಿಯುತ್ತದೆ. ಒಬ್ಬರಿಂದ ಎತ್ತಲಾಗದ ಕಲ್ಲನ್ನು ಹಾರೆ ಹಾಕಿ ಉರುಳಿಸಬೇಕು, ಎತ್ತಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಕೊರಕಲಿನ ತಲೆ. ಅಲ್ಲಿ ನೆಲ 50 ಸೆಂಟಿಮೀಟರ್ ಕಡಿದಾಗಿ ಕುಸಿದಿತ್ತು. ಪ್ರತಿ ಮಳೆಗೂ ಆ ಗೋಡೆ ಹಿಂದಕ್ಕೆ ಸರಿದು ಬಯಲಿನತ್ತ ಹತ್ತುತ್ತಿತ್ತು. ಅದನ್ನು ಹಾಗೇ ಬಿಟ್ಟು ಕೆಳಗೆ ಎಷ್ಟು ತಡೆ ಹಾಕಿದರೂ ಪ್ರಯೋಜನವಿಲ್ಲ. ಕಡಿದಾದ ಗೋಡೆಯನ್ನು ಕತ್ತರಿಸಿ, ಒಂದಕ್ಕೆ ಮೂರರ ಓರೆಯಾಗಿಸಿ, ಆ ಓರೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಕಲ್ಲು ಹೊಲಿದಂತೆ ಹಾಸಿದೆವು. ಮೇಲಿನಿಂದ ಆರಂಭಿಸಿದರೆ ಕಲ್ಲುಗಳು ಜಾರುತ್ತವೆ.

ಮಳೆಗಾಲ ಮುಗಿದ ಮೇಲೆ ನೋಡಿದರೆ ಮೇಲಿನ ತಡೆಗಳ ಹಿಂದೆ 10ರಿಂದ 15 ಸೆಂಟಿಮೀಟರ್ ಗೋಡು ಕೂತಿತ್ತು, ಅದರಲ್ಲಿ ಹುಲ್ಲು ಮೊಳೆತಿತ್ತು. ಕೆಳಗಿನ ತಡೆಗಳು ಬರಿದಾಗಿದ್ದವು. ಅಲ್ಲಿಗೆ ಮಣ್ಣೇ ಬರಲಿಲ್ಲ. ಅದು ಒಳ್ಳೆಯ ಸುದ್ದಿ. ಎರಡು ಕಡೆ ದಂಡೆಯ ಕಲ್ಲು ಸಡಿಲವಾಗಿತ್ತು, ಬಿಚ್ಚಿ ಮತ್ತೆ ಕೂರಿಸಿದೆವು.

ಹಂತ 6: ಕಾಲಿಗೆ ಬೇರೆ ದಾರಿ

ನೀರಿನಷ್ಟೇ ಕೆಲಸ ಕಾಲುಗಳದ್ದೂ ಇತ್ತು. ಆರಂಭದಲ್ಲಿ ಅಡ್ಡದಾರಿಗೆ ಹಗ್ಗ ಕಟ್ಟಿ 'ಇಲ್ಲಿ ನಡೆಯಬೇಡಿ' ಎಂಬ ಫಲಕ ಹಾಕಿದ್ದೆವು. ಹಗ್ಗದ ಪಕ್ಕದಲ್ಲಿ, ಮುಂಚೆ ಹುಲ್ಲಿದ್ದ ಜಾಗದಲ್ಲಿ, ಹೊಸ ಜಾಡು ಬಿತ್ತು. ಒಂದು ಗಾಯವಿದ್ದಲ್ಲಿ ಎರಡಾದವು. ಜನರನ್ನು ದೂರುವುದು ಸುಲಭ, ಆದರೆ 60 ಮೀಟರಿನ ಬದಲು 240 ಮೀಟರ್ ನಡೆಯಿರಿ ಎಂದು ಹಾಲಿನ ಚೀಲ ಹಿಡಿದು ಅವಸರದಲ್ಲಿರುವವರಿಗೆ ಹೇಳುವುದು ನ್ಯಾಯವಲ್ಲ. ಅವರು ಉದ್ಯಾನದ ಒಡೆಯರೇ. ಅವರ ಕಾಲು ಹೋಗುವ ದಿಕ್ಕಿಗೇ ಗಟ್ಟಿಯಾದ ದಾರಿ ಕಟ್ಟಿಕೊಡುವುದು ನಮ್ಮ ಕೆಲಸ.

ಕಾಲುದಾರಿ ಕಟ್ಟುವವರಲ್ಲಿ ಒಂದು ನಿಯಮವಿದೆ: ದಾರಿಯ ಇಳಿತ, ಗುಡ್ಡದ ಇಳಿತದ ಅರ್ಧವನ್ನು ಮೀರಬಾರದು, ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ ಅದರ ಉದ್ದಕ್ಕೇ ಹರಿಯುತ್ತದೆ. ಇಲ್ಲಿ ಗುಡ್ಡದ್ದು ಶೇ. 15, ಆದ್ದರಿಂದ ದಾರಿಗೆ ಶೇ. 7 ಇಟ್ಟುಕೊಂಡೆವು. 9 ಮೀಟರ್ ಇಳಿಯಲು ಸುಮಾರು 130 ಮೀಟರ್ ಉದ್ದ, ನಡುವೆ ಎರಡು ತಿರುವು. ಗುರುತಿಗೆ ಅದೇ 'ಎ' ಚೌಕಟ್ಟು: ಇಳಿಯುವ ಕಡೆಯ ಪಾದಕ್ಕೆ 10.5 ಸೆಂಟಿಮೀಟರ್ ಮರದ ತುಂಡು ಕಟ್ಟಿದರೆ, ಹುರಿ ನಡುಗೆರೆಗೆ ಬಂದಾಗ ನೆಲ ಸರಿಯಾಗಿ ಶೇ. 7 ಇಳಿದಿರುತ್ತದೆ.

ದಾರಿಯ ಅಗಲ 1.2 ಮೀಟರ್. ಗುಡ್ಡದ ಕಡೆಯಿಂದ ಕಣಿವೆಯ ಕಡೆಗೆ 6 ಸೆಂಟಿಮೀಟರ್ ಓರೆ ಕೊಟ್ಟೆವು, ನೀರು ನಿಲ್ಲದೆ ಆಚೆ ಇಳಿದುಹೋಗಲಿ ಎಂದು. 15ರಿಂದ 20 ಮೀಟರಿಗೊಮ್ಮೆ ದಾರಿಯನ್ನೇ ಸ್ವಲ್ಪ ತಗ್ಗಿಸಿ ಮತ್ತೆ ಏರಿಸಿದೆವು. ಆ ತಗ್ಗಿನಲ್ಲಿ ನೀರು ದಾರಿ ಬಿಟ್ಟು ಹೊರಗೆ ಹೋಗುತ್ತದೆ. ಅಡ್ಡ ಮರದ ದಿಮ್ಮಿ ಹುಗಿಯುವ ಪದ್ಧತಿಯೂ ಇದೆ, ಆದರೆ ದಿಮ್ಮಿಯ ಹಿಂದೆ ಮಣ್ಣು ತುಂಬಿದರೆ ಅದನ್ನು ಆಗಾಗ ತೆಗೆಯುತ್ತಿರಬೇಕು, ಮುದುಕರು ಎಡವುತ್ತಾರೆ. ತಗ್ಗು ಮಾಡುವುದೇ ಮೇಲು.

ತಿರುವುಗಳಲ್ಲಿ ಜನ ಮೂಲೆ ಕತ್ತರಿಸಿ ಇಳಿಯುತ್ತಾರೆ. ಒಂದು ತಿರುವನ್ನು ದೊಡ್ಡ ಮರದ ಸುತ್ತ ತಿರುಗಿಸಿದ್ದರಿಂದ ಅಲ್ಲಿ ಆ ತೊಂದರೆ ಬರಲಿಲ್ಲ. ಇನ್ನೊಂದು ತಿರುವು ಬಯಲಾಗಿತ್ತು. ಅಲ್ಲಿ ಕತ್ತರಿಸಿದ ಕೊಂಬೆಗಳನ್ನು ಬುಡ ಮೇಲ್ಮುಖವಾಗಿ ಹುಗಿದು, ನಡುವೆ ಕಲ್ಲಿಟ್ಟು, ಹಿಂದೆ ಪೊದೆ ನೆಟ್ಟೆವು. ಹಳೆಯ ಅಡ್ಡದಾರಿಯ ಬಾಯಿಯನ್ನೂ ಹೀಗೆಯೇ ಮುಚ್ಚಿದೆವು. ದಾರಿ ಎಂದು ಕಣ್ಣಿಗೆ ಕಾಣದಿದ್ದರೆ ಕಾಲು ಅತ್ತ ಹೋಗುವುದಿಲ್ಲ. ಕೆಲಸ ನಡೆಯುವಾಗಲೆಲ್ಲ ನಮ್ಮಲ್ಲಿ ಒಬ್ಬರು ಗುದ್ದಲಿ ಹಿಡಿಯದೆ ಅಲ್ಲಿ ನಿಂತು ಬಂದವರ ಜೊತೆ ಮಾತಾಡುತ್ತಿದ್ದರು. ಫಲಕಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿತು; ನಮ್ಮಲ್ಲಿ ಈಗಿರುವ ಹಲವರು ಸೇರಿದ್ದು ಹಾಗೆಯೇ.

ಹಂತ 7: ಲಂಟಾನಾ

ಗುಂಪಿಗೆ ಹುರುಪು ಬಂದಾಗ ಅತಿ ದಟ್ಟವಾದ ಪೊದೆಗೆ ನುಗ್ಗಬೇಕೆನಿಸುತ್ತದೆ. ಒಂದು ವಾರಾಂತ್ಯ ಹಾಗೇ ಆಯಿತು. ಒಂದು ದೊಡ್ಡ ತುಂಡು ನೆಲ ಬೋಳಾಯಿತು, ಎಲ್ಲರೂ ಸಂತೋಷಪಟ್ಟರು. ಮಳೆ ಬಿದ್ದ ಮೇಲೆ ಆ ಬೋಳು ನೆಲದ ತುಂಬ ಪಾರ್ಥೇನಿಯಂ ಎದ್ದಿತು. ಕತ್ತರಿಸಿದ ಲಂಟಾನಾ ಬುಡಗಳೂ ಒಂದಕ್ಕೆ ಐದಾಗಿ ಚಿಗುರಿದವು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಬ್ರಾಡ್ಲಿ, ಐಲೀನ್ ಬ್ರಾಡ್ಲಿ ಎಂಬ ಸಹೋದರಿಯರು 1960ರ ದಶಕದಲ್ಲಿ ತಮ್ಮ ಮನೆಯ ಬಳಿಯ ಕಾಡುನೆಲದಲ್ಲಿ ಕಳೆ ಕೀಳುತ್ತಾ ಕಂಡುಕೊಂಡ ಕ್ರಮ ಇದಕ್ಕೆ ನೇರ ವಿರುದ್ಧವಾದದ್ದು. ಚೆನ್ನಾಗಿರುವ ಜಾಗದಿಂದ ಆರಂಭಿಸಿ ಕೆಟ್ಟ ಜಾಗದತ್ತ ಸಾಗಿ. ಮಣ್ಣನ್ನು ಆದಷ್ಟು ಕಡಿಮೆ ಕದಡಿ. ಸ್ಥಳೀಯ ಗಿಡಗಳು ಮರಳಿ ಬರುವ ವೇಗಕ್ಕಿಂತ ಮುಂದೆ ಓಡಬೇಡಿ. ಈ ಮೂರನ್ನೂ ಅಕ್ಷರಶಃ ಪಾಲಿಸಲು ನಿರ್ಧರಿಸಿದೆವು. ಇಳಿಜಾರಿನ ಮೇಲಿನ ಮೂಲೆಯಲ್ಲಿ, ದೊಡ್ಡ ಮರಗಳ ಅಡಿಯಲ್ಲಿ, ಅಲ್ಲಿನದೇ ಸಸಿಗಳು ಲಂಟಾನಾ ನಡುವೆ ಇನ್ನೂ ಬದುಕಿದ್ದವು. ಅಲ್ಲಿಂದ ಹೊರಟು, ಎರಡು ಮೀಟರ್ ಅಗಲದ ಪಟ್ಟಿಯಂತೆ ಬಿಡಿಸುತ್ತಾ ಬಂದೆವು. ನಿಧಾನ. ಆದರೆ ಬಿಡಿಸಿದ ಪಟ್ಟಿ ಬಿಡಿಸಿದಂತೆಯೇ ಉಳಿಯಿತು.

ಬುಡ ತೆಗೆಯಲು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಬಳಸಿದ ವಿಧಾನ ಹಿಡಿದೆವು. ಲಂಟಾನಾ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಭಾಗದಿಂದ. ಮೊದಲು ಕೊಂಬೆಗಳನ್ನು ಒಟ್ಟಿಗೆ ಹಿಡಿದು ಬಗ್ಗಿಸಿ, ನೆಲದ ಮಟ್ಟಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರಿಗೆ ಗುದ್ದಲಿಯಿಂದ ಒಂದು ಏಟು ಹಾಕಿದರೆ ಆ ಭಾಗ ಪೂರ್ತಿ ಈಚೆ ಬರುತ್ತದೆ. ಇಡೀ ಬೇರನ್ನು ಅಗೆದು ಮಣ್ಣು ಕದಡಬೇಕಿಲ್ಲ. ತೆಗೆದ ಗಿಡವನ್ನು ಬೇರು ಮೇಲಾಗಿ ತಿರುವಿ, ನೆಲ ತಾಗದಂತೆ ಇನ್ನೊಂದು ಗಿಡದ ಮೇಲೆ ಒಣಗಲು ಹಾಕಬೇಕು; ಹಸಿ ಕಾಂಡ ತೇವದ ಮಣ್ಣು ಮುಟ್ಟಿದರೆ ಅಲ್ಲೇ ಬೇರು ಬಿಡುತ್ತದೆ. ಈ ಕೆಲಸವನ್ನು ಕಾಯಿ ಬಿಡುವ ಮೊದಲು ಮುಗಿಸಿಕೊಳ್ಳಿ. ಆಮೇಲೂ ಹಕ್ಕಿ ಕೂರುವ ಮರಗಳ ಕೆಳಗೆ ಸಸಿಗಳು ಏಳುತ್ತಲೇ ಇರುತ್ತವೆ. ಕೈಯಲ್ಲಿ ಕೀಳಲು ಬರುವಾಗಲೇ ಕೀಳಬೇಕು.

ಪಾರ್ಥೇನಿಯಂ ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗ, ಕೈಗವಸು ಹಾಕಿ ಬೇರುಸಮೇತ ಕೀಳುವುದು. ಚರ್ಮದ ಅಲರ್ಜಿ ಇದ್ದವರನ್ನು, ಉಬ್ಬಸ ಇದ್ದವರನ್ನು ಈ ಕೆಲಸಕ್ಕೆ ಕರೆಯಲೇಬೇಡಿ.

ಹಂತ 8: ಮರದ ಬುಡ, ಹೊದಿಕೆ, ಸಸಿ

ಕೊರಕಲಿನ ಅಂಚಿನ ಮರಗಳ ಬೇರು ಕಂಡು ಮರುಗಿದ ಕೆಲವರು ಬುಡಕ್ಕೆ ಮೊಣಕಾಲೆತ್ತರ ಮಣ್ಣು ಏರಿಸಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಆದರೆ ಮರಕ್ಕೆ ಕೆಡುಕು: ಕಾಂಡದ ತೊಗಟೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಕಾಂಡ ಅಗಲವಾಗಿ ಬೇರಾಗುವ ಜಾಗ ಕಾಣುವವರೆಗೆ ಆ ಮಣ್ಣನ್ನು ಕೈಯಲ್ಲೇ ತೆಗೆದೆವು. ತೆರೆದ ಬೇರುಗಳ ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಮೇಲೆ 5ರಿಂದ 10 ಸೆಂಟಿಮೀಟರ್ ತರಗೆಲೆ ಮತ್ತು ಮರದ ಚಕ್ಕೆ ಹರಡಿದೆವು, ಕಾಂಡದಿಂದ ಒಂದು ಗೇಣು ದೂರ ಬಿಟ್ಟು. ಗುಡಿಸಿ ಸುಡುತ್ತಿದ್ದ ತರಗೆಲೆ ಈಗ ಪೂರ್ತಿಯಾಗಿ ಇಲ್ಲಿಗೇ ಬರುತ್ತಿದೆ. ಮಾಲಿಗಳೇ ತಂದು ಸುರಿಯುತ್ತಾರೆ.

ಸಸಿ ನೆಟ್ಟದ್ದು ಎಲ್ಲ ಮುಗಿದ ಮೇಲೆ. ಫೋಟೋಕ್ಕಾಗಿ ಮೊದಲೇ ನೆಡೋಣ ಎಂಬ ಒತ್ತಾಯ ಬಹಳ ಇತ್ತು. ಒಪ್ಪದೆ ಇದ್ದದ್ದು ಈ ಇಡೀ ಕೆಲಸದಲ್ಲಿ ನಾವು ತೆಗೆದುಕೊಂಡ ಅತ್ಯುತ್ತಮ ನಿರ್ಧಾರ. ನೀರು ಕೊಚ್ಚುವ ನೆಲದಲ್ಲಿ, ಕಾಲು ತುಳಿಯುವ ನೆಲದಲ್ಲಿ ನೆಟ್ಟ ಸಸಿ ಸಾಯುತ್ತದೆ, ನೆಟ್ಟವರ ಉತ್ಸಾಹವೂ ಅದರೊಂದಿಗೆ ಸಾಯುತ್ತದೆ. ಮೊಣಕಾಲುದ್ದದ ಸಸಿಗಳನ್ನು ಆರಿಸಿದೆವು. ಎತ್ತರದವು ನೋಡಲು ಚೆನ್ನ, ಆದರೆ ಬೇರೂರಲು ತಡ. ಗುಂಡಿಯ ಅಗಲ ಬೇರುಮುದ್ದೆಯ ಎರಡು ಮೂರು ಪಟ್ಟು, ಆಳ ಅದರಷ್ಟೇ. ವಾರಕ್ಕೆ ಒಮ್ಮೆ 10 ಲೀಟರ್, ನಿಧಾನವಾಗಿ. ಮೊದಲ ಬೇಸಿಗೆಯಲ್ಲಿ ಮೂರರಲ್ಲಿ ಒಂದು ಒಣಗಿತು. ಒಣಗಿದವು ಬಹುಪಾಲು ಮಕ್ಕಳ ಡಬ್ಬಿ ಪರೀಕ್ಷೆಯಲ್ಲಿ ನೀರು ಇಂಗದೆ ನಿಂತ ಜಾಗಗಳಲ್ಲಿದ್ದವು. ಅಂಥ ಕಡೆ ಈಗ ಸಸಿ ಬಿಟ್ಟು ಹುಲ್ಲು ಮತ್ತು ಹೊದಿಕೆ ಮಾತ್ರ ಹಾಕುತ್ತಿದ್ದೇವೆ. ತಾನಾಗಿ ಮೊಳೆತ ಸಸಿಗಳ ಪಕ್ಕ ಬಣ್ಣದ ಕಡ್ಡಿ ನೆಟ್ಟು ಕಾಯುತ್ತೇವೆ. ನೆಟ್ಟವುಗಳಿಗಿಂತ ಅವೇ ಗಟ್ಟಿ.

ಹಂತ 9: ಕೆಲಸ ನಿಂತಿರುವುದು ಇಲ್ಲಿ

ಕೆಳಗಿನ ಗೇಟಿನ ಬಳಿ ಚರಂಡಿಯ ಜಾಲರಿ ಸುತ್ತಲಿನ ನೆಲಕ್ಕಿಂತ 12 ಸೆಂಟಿಮೀಟರ್ ಎತ್ತರದಲ್ಲಿದೆ. ಇಳಿದು ಬಂದ ನೀರು ಅದರೊಳಗೆ ಹೋಗದೆ ಗೇಟಿನ ಮುಂದೆ ನಿಲ್ಲುತ್ತದೆ. ಮೊದಲಿಗಿಂತ ಕಡಿಮೆ ಬರುತ್ತದೆ, ಕೆಸರಿಲ್ಲದೆ ತಿಳಿಯಾಗಿ ಬರುತ್ತದೆ, ಆದರೂ ನಿಲ್ಲುತ್ತದೆ. ಜಾಲರಿ ಇಳಿಸುವುದು ಗಾರೆ ಕೆಲಸ, ಚರಂಡಿ ಇನ್ನೊಂದು ಇಲಾಖೆಗೆ ಸೇರಿದ್ದು. ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.

ಬದಲಿ ಯೋಜನೆ ಸಿದ್ಧವಿದೆ: ಗೇಟಿಗೆ ಹತ್ತು ಮೀಟರ್ ಮೊದಲು 6 ಮೀಟರ್ ಉದ್ದ, 4 ಮೀಟರ್ ಅಗಲ, 40 ಸೆಂಟಿಮೀಟರ್ ಆಳದ ಇಂಗುತಗ್ಗು. ಅಂಚುಗಳ ಓರೆ ಕಳೆದರೆ ಆರೇಳು ಸಾವಿರ ಲೀಟರ್ ಹಿಡಿಯುತ್ತದೆ. ಅಲ್ಲಿ ಡಬ್ಬಿ ಪರೀಕ್ಷೆಯಲ್ಲಿ 2.5 ಸೆಂಟಿಮೀಟರ್ ನೀರು ಇಂಗಲು 20 ನಿಮಿಷ ಹಿಡಿಯಿತು. ನೆಲ ತೊಯ್ದ ಮೇಲೆ ವೇಗ ಅರ್ಧಕ್ಕೆ ಇಳಿದರೂ ತುಂಬಿದ ತಗ್ಗು ಒಂದು ದಿನದೊಳಗೆ ಬರಿದಾಗುತ್ತದೆ, ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗುವಷ್ಟು ಕಾಲ ನೀರು ನಿಲ್ಲುವುದಿಲ್ಲ. ಅಡ್ಡಿ ಒಂದೇ: ಕಚೇರಿ ಕೊಟ್ಟ ನಕ್ಷೆಯ ಪ್ರಕಾರ ದೀಪದ ಕಂಬಗಳ ಕೇಬಲ್ ಆ ಜಾಗದ ಹತ್ತಿರವೇ ಹಾದುಹೋಗಿದೆ, ಎಷ್ಟು ಆಳದಲ್ಲಿ ಎಂದು ಅದರಲ್ಲಿ ಬರೆದಿಲ್ಲ. ವಿದ್ಯುತ್ ವಿಭಾಗದವರು ಬಂದು ಸಂಪರ್ಕ ಕಡಿದು, ಕೇಬಲ್ ಇರುವ ಗೆರೆಯನ್ನು ನೆಲದ ಮೇಲೆ ಗುರುತಿಸಿಕೊಡುವವರೆಗೆ ಅಲ್ಲಿ ಹಾರೆ, ಪಿಕಾಸಿ ಮುಟ್ಟುವುದಿಲ್ಲ. ಗುರುತಾದ ಮೇಲೂ ಅದರ ಎರಡೂ ಬದಿಗೆ ಒಂದು ಮೀಟರ್ ಬಿಟ್ಟು, ಸಲಿಕೆಯಿಂದ ಮಾತ್ರ ಅಗೆಯುತ್ತೇವೆ. ಅಲ್ಲಿಯವರೆಗೆ ಕೋಡಿಗಳ ಮಟ್ಟ ನೋಡುವುದು, ಬದುವಿನ ಮೇಲೆ ಇಲಿ ತೋಡಿದ ಬಿಲಗಳನ್ನು ಮುಚ್ಚುವುದು, ದಾರಿಯ ತಗ್ಗುಗಳಲ್ಲಿ ಕೂತ ಮಣ್ಣನ್ನು ಎಳೆದು ಹಾಕುವುದು ನಡೆದಿದೆ.